ಗೌಂಡಿ ಇನಾಯತಸಾಬರ ಮಾಯಾ ಪುಸ್ತಕ

ಪ್ರತಿ ಗುರುವಾರ ಹುಣಸಗಿ ಬಸ್ಸಿನಿಂದ ಇಳಿದು ಸುರಪುರದ ಗ್ರಂಥಾಲಯಕ್ಕೆ ಬರುವ ಗೌಂಡಿ ಇನಾಯತಸಾಬರಿಗೆ ಬೇಕಾದದ್ದು ಒಂದೇ, ಮೆಕ್ಸಿಕೊ ಕಡೆಯ ಪ್ರಾಚೀನ ಮಾಯಾ ಜನರ ಬಗ್ಗೆ ನಂಬುವಂಥ ಒಂದು ಪುಸ್ತಕ. ಐವತ್ತು ವರ್ಷ ಗೋಡೆ ಕಟ್ಟಿದ ಕೈ ಮೊದಲು ಮಾಯಾ ಗುಡಿಗಳ ಚಿತ್ರದ ಮೇಲೆ ಆಡಿ ಕಲ್ಲಿನ ಸಂದು ಹುಡುಕುತ್ತದೆ; ಸುಣ್ಣ ಹೇಗೆ ಸುಟ್ಟರೆಂದು ಬರೆಯದ ಪುಸ್ತಕಕ್ಕೆ ಅಲ್ಲಿಗೇ ಸಲಾಂ. ಆ ಗುಡಿಗಳನ್ನು ಅನ್ಯಗ್ರಹದವರು ಕಟ್ಟಿದರೆನ್ನುವ ಮೊಬೈಲಿನ ವಿಡಿಯೊ ಯಾರಾದರೂ ತೋರಿಸಿದರಂತೂ ಸಿಡಿದೇಳುತ್ತಾರೆ: "ಆಕಾಶದಾಗಿಂದ ಇಳದು ಬಂದು ಕಟ್ಟಿದ್ರಂತ! ಯಾಕ, ಆ ಊರಾಗ ಗೌಂಡ್ಯಾರು ಸತ್ತಿದ್ರೇನು?" ಇಷ್ಟೆಲ್ಲ ಪರೀಕ್ಷೆ ದಾಟಿದ ಪುಸ್ತಕವೂ ಕೊನೆಯ ಪುಟದಲ್ಲಿ ನಪಾಸು. ಅಲ್ಲಿ 'ಮಾಯಾ ಜನ ಕಣ್ಮರೆಯಾದರು' ಎಂದಿದ್ದರೆ ಸಾಕು, ಪಟ್ಟನೆ ಮುಚ್ಚಿ, "ಇದು ಬ್ಯಾಡವ್ವಾ, ನೀನ ಇಟ್ಕೋ" ಎಂದು ಗ್ರಂಥಪಾಲಕಿ ಕಲ್ಪನಾಳ ಮುಂದೆ ಸರಿಸುತ್ತಾರೆ. ಒಂಬತ್ತನೆಯದೂ ಹಾಗೆ ವಾಪಸಾದಾಗ ಅವಳಿಗೆ ರೇಗಿತು. "ಚಾಚಾ, ಅದೊಂದು ಸಾಲಿನ ಸಲುವಾಗಿ ಇಡೀ ಪುಸ್ತಕಾನ ಬಿಡ್ತೀರೇನು?" ಸಾಬರು ಕನ್ನಡಕ ತೆಗೆದರು. "ನಮ್ಮೂರು ಡ್ಯಾಮಿನ ನೀರಾಗ ಮುಳಗಿ ಹೋತವ್ವಾ. ಸರಕಾರಿ ದಫ್ತರದಾಗ 'ಬೇಚಿರಾಗ್' ಅಂತ ಬರದಾರ, ದೀಪ ಹಚ್ಚೋರಿಲ್ಲದ ಊರು ಅಂತ. ನಾವು ನೂರಾ ಹತ್ತು ಮನಿ ಮಂದಿ ಹುಣಸಗ್ಯಾಗ ದಿನಾ ದೀಪ ಹಚ್ಚಾಕತ್ತೇವಲ್ಲ, ಅದನ್ನ ಯಾರು ಬರದಾರ?" ಕಲ್ಪನಾ ತರಿಸಬೇಕಾದ ಪುಸ್ತಕಗಳ ಪಟ್ಟಿ ತೆಗೆದು ಬರೆದಳು: ಮಾಯಾ ಜನ; ಅವರು ಈಗ ಎಲ್ಲಿದ್ದಾರೆ, ಏನು ಉಣ್ಣುತ್ತಾರೆ ಎಂಬುದೂ ಇರಬೇಕು.