ಫ್ರೀಜರಿಗೂ ಒಂದು ಹಾರ

ಮದುವೆಯಾಗಿ ಡೊಂಬಿವಲಿಗೆ ಬಂದ ಹೊಸದರಲ್ಲಿ, ಗಂಡನ ಕೆಲಸ ಏನೆಂದು ಕಟ್ಟಡದ ಹೆಂಗಸರು ಕೇಳಿದರೆ "ಮಾಲಿಕ್ಯುಲರ್ ಬಯಾಲಜಿಸ್ಟ್" ಎಂದು ಎಡವದೆ ಹೇಳುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೆ. ನಾವೆಲ್ಲ ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ ಎದುರುಮನೆಯಾಕೆ "ಮ್ಹಣಜೆ ಡಾಕ್ಟರಚ್ ನಾ?" ಅಂದರೆ ಡಾಕ್ಟರೇ ತಾನೆ, ಎಂದು ತಾವೇ ತೀರ್ಮಾನಿಸಿ, ಮರುದಿನ ಕೆಮ್ಮುತ್ತಿದ್ದ ತಮ್ಮ ಅತ್ತೆಯನ್ನು ಕರೆತಂದರು. ನನ್ನ ಗಂಡ ಆ ಮುದುಕಿಗೆ ಡಿಎನ್ಎ ಎಂದರೇನೆಂದು ಬಹಳ ಹೊತ್ತು ವಿವರಿಸಿ ಕಳಿಸಿದರು. ಕೆಮ್ಮು ತಾನಾಗಿ ವಾಸಿಯಾಯಿತು, ಹೆಸರು ಇವರಿಗೆ ಬಂತು. ವಿಜ್ಞಾನದಲ್ಲಿ ಹೆಸರು ಬರುವ ರೀತಿ ಇದೇ ಎಂದು ನನಗೆ ಆಗ ತಿಳಿದಿರಲಿಲ್ಲ.

ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ನೀರು ನಸುಕಿನಲ್ಲಿ ಬಂದು, ನಾವು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಹೋಗುತ್ತಿತ್ತು. ಇಡೀ ಮಾಳಿಗೆಗೆ ಒಂದೇ ನಲ್ಲಿ. ಅಲ್ಲಿ ನಾನು ಮರಾಠಿ ಕಲಿತೆ, ಮರಾಠಿಯಲ್ಲಿ ಜಗಳವಾಡುವುದನ್ನು ಅದಕ್ಕಿಂತ ಮೊದಲೇ ಕಲಿತೆ. ಗಂಡನ ಸಂಸ್ಥೆ ಠಾಣೆಯಲ್ಲಿತ್ತು. ಬೇಲಾಪುರದ ಕಡೆ ಆಗತಾನೆ ಏಳುತ್ತಿದ್ದ ಕಟ್ಟಡಗಳಲ್ಲಿ ಆ ಸಂಸ್ಥೆಗೆ ಕೆಲವು ಕ್ವಾರ್ಟರ್ಸ್ ಸಿಗಲಿದ್ದವು. ಎರಡು ಕೋಣೆ, ಮನೆಯೊಳಗೇ ನಲ್ಲಿ. ಆದರೆ ರೀಡರ್ ಆಗಿ ಬಡ್ತಿ ಪಡೆದವರಿಗೆ ಮಾತ್ರ. ಬಡ್ತಿ ಸಿಗಬೇಕಾದರೆ ಸಂಶೋಧನೆಗೆ "ಪ್ರಭಾವ" ಇರಬೇಕು. ಅಂದರೆ ಪರದೇಶದ ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಇವರ ಪ್ರಬಂಧವನ್ನು ಉಲ್ಲೇಖಿಸಬೇಕು. ನನ್ನ ನಲ್ಲಿ ಯಾವನೋ ಪರದೇಶಿಯ ಅಡಿಟಿಪ್ಪಣಿಯಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದು ನನಗೆ ಅರ್ಥವಾದದ್ದು ಹೀಗೆ.

ಆ ಕಾಲಕ್ಕೆ ಇವರು ಶಹಾಡ್ ಬಳಿಯ ಒಂದು ಕಪ್ಪು ನಾಲೆಯಿಂದ ಬಾಟಲಿಯಲ್ಲಿ ನೀರು ತಂದು, ಅದರಲ್ಲಿ ಬದುಕಿದ್ದ ಒಂದು ಬ್ಯಾಕ್ಟೀರಿಯಾದ ಹಿಂದೆ ಬಿದ್ದಿದ್ದರು. ಡಿಎನ್ಎಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುವ ಎನ್ಜೈಮ್ ಒಂದಿದೆ. ನಾವು ಮನೆಯಲ್ಲಿ ಅದನ್ನು ಕತ್ತರಿ ಎಂದೇ ಕರೆಯುತ್ತಿದ್ದೆವು. ಆ ಕತ್ತರಿ ಅಮೆರಿಕದಿಂದ ವಿಮಾನದಲ್ಲಿ ಬರಬೇಕು, ಬಂದ ಮೇಲೆ ಹಿಮಕ್ಕಿಂತ ತಣ್ಣಗಿರಬೇಕು, ಬೆಚ್ಚಗಾದರೆ ಸತ್ತಿತು. ವಿದೇಶಿ ವಿನಿಮಯದ ಅಪ್ಪಣೆಗೆ ಕಾದು ಕಾದು ಸಾಕಾದ ಮೇಲೆ ಕಿರುಬೆರಳಿನ ತುದಿಯಷ್ಟು ನಳಿಗೆಯಲ್ಲಿ ಒಂದೆರಡು ಹನಿ ಬಂತು. ಅದು ಬಂದ ವಾರವೇ ಪ್ರಯೋಗಾಲಯದ ಫ್ರೀಜರ್ ಕೆಟ್ಟಿತು. ಮೆಕ್ಯಾನಿಕ್ ನವರಾತ್ರಿಗೆಂದು ಊರಿಗೆ ಹೋಗಿದ್ದ.

ಆಗ ನೆನಪಾದವರು ಭಾವ, ಅಂದರೆ ನನ್ನ ಗಂಡನ ಅಣ್ಣ. ಉಡುಪಿಯಿಂದ ಬಂದು ತಟ್ಟೆ ತೊಳೆದು, ಕಾಫಿ ಸೋಸಿ, ಕೊನೆಗೆ ಡೊಂಬಿವಲಿ ಸ್ಟೇಷನ್ನಿನ ಎದುರು ಸ್ವಂತ ಹೋಟೆಲ್ ಇಟ್ಟವರು. ಆ ವರ್ಷ ಐಸ್‌ಕ್ರೀಮಿಗೆಂದು ದೊಡ್ಡ ಫ್ರೀಜರ್ ಕೊಂಡಿದ್ದರು. ಇವರು ನಳಿಗೆಯನ್ನು ಒಂದು ಡಬ್ಬಿಯಲ್ಲಿ ಹಾಕಿ, ಥರ್ಮಾಸಿನಲ್ಲಿ ಮಂಜುಗಡ್ಡೆ, ಉಪ್ಪು ತುಂಬಿ, ಅದರ ನಡುವೆ ಡಬ್ಬಿ ಇಳಿಸಿ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಎದೆಗವಚಿಕೊಂಡು ತಂದರು. ಹೆರಿಗೆ ಆಸ್ಪತ್ರೆಯಿಂದ ಮಗುವನ್ನು ತಂದ ಹಾಗಿತ್ತು.

"ಇದನ್ನು ಯಾರೂ ಮುಟ್ಟಬಾರದು. ನನ್ನ ಇಷ್ಟು ವರ್ಷದ ಕೆಲಸ ಇದರೊಳಗೆ ಉಂಟು," ಎಂದರು.

"ನನ್ನ ಕಣ್ಣಿನ ಹಾಗೆ ನೋಡಿಕೊಳ್ತೇನೆ ಮಾರಾಯ," ಎಂದರು ಭಾವ. ಆ ಮಾತನ್ನು ಅವರು ನಡೆಸಿಕೊಟ್ಟರು. ತೊಂದರೆಯಾದದ್ದು ಅದರಿಂದಲೇ.

ಆಯುಧಪೂಜೆಯ ಸಂಜೆ ನಾನು ಪ್ರಸಾದಕ್ಕೆಂದು ಹೋಟೆಲಿಗೆ ಹೋದೆ. ಗ್ರೈಂಡರಿಗೆ ಸ್ನಾನವಾಗಿತ್ತು, ಗಲ್ಲಾದ ಪೆಟ್ಟಿಗೆಗೆ ಹೂವಾಗಿತ್ತು. ಆಯುಧಗಳಿಗೆ ಅಂದು ರಜೆ; ಯಾವುದನ್ನೂ ನಡೆಸುವ ಹಾಗಿಲ್ಲ. ಫ್ರೀಜರ್ ಮುಚ್ಚಳ ತೆರೆದುಕೊಂಡು, ಒಳಗೆಲ್ಲ ಒರೆಸಿಸಿಕೊಂಡು, ಹಣೆಗೆ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ ಧರಿಸಿ ಮದುಮಗನಂತೆ ನಿಂತಿತ್ತು. ಕತ್ತರಿಯ ಡಬ್ಬಿ ದೇವಿಯ ಫೋಟೋದ ಮುಂದೆ, ಉರಿಯುತ್ತಿದ್ದ ದೀಪದ ಮಗ್ಗುಲಲ್ಲೇ ಇತ್ತು. ಅದಕ್ಕೂ ಕುಂಕುಮ, ಅದಕ್ಕೂ ಒಂದು ಹೂವು.

ಮನೆಗೆ ಓಡಿಬಂದು ಗಂಡನಿಗೆ ಹೇಳಿದೆ. ಅವರು ಅಣ್ಣನನ್ನು ಕೇಳಿದರು. ಅಣ್ಣ "ಸ್ವಲ್ಪ ಹೊತ್ತು ತೆಗೆದಿಟ್ಟದ್ದು. ಎಂತ ಆಗುವುದಿಲ್ಲ, ದೇವರ ಎದುರೇ ಇತ್ತಲ್ಲ," ಎಂದರು. ಗಂಡ ಆ ಮಾತಿನಲ್ಲಿ "ಸ್ವಲ್ಪ ಹೊತ್ತು" ಎಂಬಷ್ಟನ್ನೇ ಹಿಡಿದುಕೊಂಡು ಸಮಾಧಾನಪಟ್ಟರು.

"ಅಲ್ಲ ಮಾರಾಯ್ರೆ, ದೀಪದ ಬುಡದಲ್ಲಿ ಇತ್ತು. ನಾನೇ ಕಂಡದ್ದು," ಎಂದೆ.

"ನಿನಗೆ ಇದೆಲ್ಲ ಗೊತ್ತಾಗುವುದಿಲ್ಲ," ಎಂದರು. ನನಗೆ ಬಂದ ಸಿಟ್ಟು ಇಷ್ಟು ವರ್ಷವಾದರೂ ಪೂರ್ತಿ ಇಳಿದಿಲ್ಲ.

ಕತ್ತರಿ ಸರಿಯಾಗಿದೆಯೇ ಎಂದು ಇವರು ಹಬ್ಬಕ್ಕೆ ಮೊದಲೇ ಬೇರೊಂದು ಡಿಎನ್ಎಯ ಮೇಲೆ ಪರೀಕ್ಷಿಸಿ ನೋಡಿದ್ದರು. ಮತ್ತೆ ಪರೀಕ್ಷಿಸಿದರೆ ಇನ್ನೊಂದು ಹನಿ ದಂಡ. ನಮ್ಮ ಕಡೆಯವರು ಒಗ್ಗರಣೆಯ ಎಣ್ಣೆಯನ್ನೂ ಹಾಗೆ ಖರ್ಚು ಮಾಡುವವರಲ್ಲ. ಉಳಿದದ್ದನ್ನೆಲ್ಲ ನಾಲೆಯ ಬ್ಯಾಕ್ಟೀರಿಯಾಕ್ಕೆ ಹಾಕಿದರು. ಅದರ ಡಿಎನ್ಎ ಒಂದಿಷ್ಟೂ ತುಂಡಾಗಲಿಲ್ಲ. ಕತ್ತರಿಗೆ ಬಗ್ಗದ ಬ್ಯಾಕ್ಟೀರಿಯಾ! ಇವರು ಮನೆಗೆ ಪೇಢೆ ತಂದರು. ಪ್ರಬಂಧ ಪರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ನಾಲೆಯ ದಡವನ್ನೇ ಮೆಟ್ಟದ, ಸಂಸ್ಥೆಯ ನಿರ್ದೇಶಕರ ಹೆಸರೂ ಅದರಲ್ಲಿತ್ತು.

ಆಮೇಲೆ ಪ್ರಭಾವ ಶುರುವಾಯಿತು. ಇವರಿಂದಲೇ ಬ್ಯಾಕ್ಟೀರಿಯಾ ತರಿಸಿಕೊಂಡ ಒಬ್ಬ ಪರದೇಶಿ "ನಮಗೆ ಹೀಗೆ ಆಗಲಿಲ್ಲ" ಎಂದು ಬರೆದ. ಇನ್ನೊಬ್ಬ ಅವನನ್ನು ಬೆಂಬಲಿಸಿದ. ಮೂರನೆಯವ, ಈ ಬ್ಯಾಕ್ಟೀರಿಯಾ ಕೊಳೆನೀರಿನಲ್ಲಿದ್ದಾಗ ಗಟ್ಟಿ, ಪರದೇಶದ ಶುದ್ಧ ಆಹಾರ ತಿಂದ ಮೇಲೆ ಮೆದುವಾಗಿದೆ ಎಂದು ಒಂದು ಸಿದ್ಧಾಂತವನ್ನೇ ಕಟ್ಟಿದ. ಅಷ್ಟು ಸಾಕಾಯಿತು, ಸಿದ್ಧಾಂತದ ಪರ ಕೆಲವರು, ವಿರುದ್ಧ ಕೆಲವರು. ಇವರು ಶನಿವಾರ ಮುಂಬೈಯ ಲೈಬ್ರರಿಗೆ ಹೋಗಿ, ಯಾರನ್ನು ಯಾರು ಉಲ್ಲೇಖಿಸಿದ್ದಾರೆಂದು ಪಟ್ಟಿಮಾಡುವ ದಪ್ಪ ಸೂಚಿಪುಸ್ತಕದಲ್ಲಿ ತಮ್ಮ ಹೆಸರಿನ ಕೆಳಗೆ ಯಾರು ಯಾರು ಸೇರಿದ್ದಾರೆಂದು ಭೂತಗನ್ನಡಿ ಹಿಡಿದು ನೋಡಿಬರುತ್ತಿದ್ದರು.

"ಅವರೆಲ್ಲ ನಿಮ್ಮನ್ನು ಬೈಯುವುದಲ್ವಾ?" ಎಂದು ಕೇಳಿದೆ.

"ಬೈಯುವುದಾದರೂ ಹೆಸರು ಹೇಳಿಯೇ ಬೈಯಬೇಕಲ್ಲ," ಎಂದರು.

ಎಂಬತ್ತರ ದಶಕ ಅರ್ಧ ದಾಟುವಷ್ಟರಲ್ಲಿ ಬಡ್ತಿಯ ಕಾಗದ ನಿರ್ದೇಶಕರ ಮೇಜಿಗೆ ಬಂತು. ನಮ್ಮ ಕನ್ನಡ ಸಂಘದವರು ಆಗಲೇ ಶಾಲು, ಫಲ, ಸನ್ಮಾನ ಎಂದು ಹೊರಟರು. ಮುಖ್ಯ ಅತಿಥಿ ಆ ನಿರ್ದೇಶಕರೇ, ವಿಜಯಪುರದ ಕಡೆಯವರು. ಮನೆಯವರ ಪರವಾಗಿ ನಾಲ್ಕು ಮಾತು ಆಡಲು ಭಾವನನ್ನು ಕರೆದರು. ಭಾವನ ಕಣ್ಣು ತುಂಬಿತ್ತು.

"ನನಗೆ ಇಂಗ್ಲಿಷ್ ಬರುವುದಿಲ್ಲ. ಆದ್ರೆ ಇವನ ಕೆಲಸದಲ್ಲಿ ನನ್ನದೂ ಒಂದು ಸೇವೆ ಉಂಟು. ನನ್ನ ಹೋಟೆಲಿನ ಫ್ರೀಜರಿನಲ್ಲಿದ್ದ ಆ ಔಷಧಿಯ ಡಬ್ಬಿಯನ್ನು ನಾನು ಫ್ರೀಜರಿನ ಜೊತೆಗೇ ಆಯುಧಪೂಜೆಗೆ ಇಟ್ಟಿದ್ದೆ. ಆಮೇಲೆಯೇ ಇವನಿಗೆ ಹೆಸರು ಬಂದದ್ದು."

ಸಭೆ ಚಪ್ಪಾಳೆ ತಟ್ಟಿತು. ನಿರ್ದೇಶಕರು ಮಾತ್ರ ಕುರ್ಚಿಯಲ್ಲಿ ಮುಂದೆ ಬಾಗಿದರು. "ಅಂದ್ರ ಫ್ರೀಜರ್ ಬಂದ್ ಮಾಡಿದ್ರೇನ್ರಿ? ಎಷ್ಟೊತ್ತು?"

"ಬೆಳಿಗ್ಗೆಯಿಂದ ರಾತ್ರಿ ಮಂಗಳಾರತಿವರೆಗೆ ಸಾರ್. ನಮ್ಮಲ್ಲಿ ಅರ್ಧಂಬರ್ಧ ಪೂಜೆ ಇಲ್ಲ!"

ಗಂಡನ ಹೆಗಲ ಮೇಲಿನ ಶಾಲು ಜಾರಿ ಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ. ಮೆಟ್ಟಿಲಿಳಿಯುವಾಗ ನಿರ್ದೇಶಕರು ಅವರ ಕೈಹಿಡಿದು ಮೆಲ್ಲಗೆ, "ಹಬ್ಬದ ಮಾತು, ಅದನ್ಯಾಕ ತಲಿಗೆ ಹಚ್ಕೋತೀರಿ? ಪೇಪರಿನಾಗ ನನ್ನ ಹೆಸರೂ ಅದ. ನಿಮ್ಮ ಕಾಗದಕ್ಕ ಮುಂದಿನ ವಾರ ಸಹಿ ಹಾಕ್ತೀನಿ. ಸುಮ್ಮನಿರ್ರಿ," ಎಂದರು.

ಇವರು ಸುಮ್ಮನಿರಲಿಲ್ಲ. ಗೆಳೆಯರೊಬ್ಬರ ಪ್ರಯೋಗಾಲಯದಿಂದ ಒಂದು ಹನಿ ಹೊಸ ಕತ್ತರಿ ಬೇಡಿ ತಂದು ಪ್ರಯೋಗವನ್ನು ಮತ್ತೆ ಮಾಡಿದರು. ಡಿಎನ್ಎ ಎಳ್ಳಷ್ಟೂ ತಕರಾರು ಮಾಡದೆ ತುಂಡು ತುಂಡಾಯಿತು.

ಮರುದಿನ ನಸುಕಿನಲ್ಲಿ ನಾನು ನಲ್ಲಿಯ ಸಾಲಿನಲ್ಲಿ ಕೊಡ ಇಟ್ಟುಕೊಂಡು ನಿಂತಿದ್ದಾಗ ಇವರು ಬಂದು ಪಕ್ಕದಲ್ಲಿ ನಿಂತರು. ಹಾಗೆ ಅಲ್ಲಿಗೆ ಎಂದೂ ಬಂದವರಲ್ಲ.

"ತಪ್ಪಾಗಿದೆ ಅಂತ ಪತ್ರಿಕೆಗೆ ಬರೆದರೆ ಬೇಲಾಪುರದ ಮನೆ ಹೋಗ್ತದೆ. ನೀನು ಹೇಳು," ಎಂದರು.

ನನಗೆ ಅಳು ಬಂತು. ಆ ಎರಡು ಕೋಣೆಗಳಿಗೆ ನಾನು ಮನಸ್ಸಿನಲ್ಲೇ ಪರದೆ ಕಟ್ಟಿಯಾಗಿತ್ತು. ಆದರೆ ನಾನು ಹೇಳಿದ್ದು ಸರಿಯಾಗಿತ್ತೆಂದು ಒಪ್ಪಿ ಆ ಮನುಷ್ಯ ನನ್ನ ಕೊಡದ ಪಕ್ಕಕ್ಕೆ ಬಂದು ನಿಂತಿದ್ದರು. ಅಂದಿನಷ್ಟು ಹೆಮ್ಮೆ ಅವರ ಬಗ್ಗೆ ನನಗೆ ಎಂದೂ ಆಗಿರಲಿಲ್ಲ.

"ಬರೀರಿ. ಪೂಜೆಯ ಸುದ್ದಿ ಮಾತ್ರ ಹಾಕಬೇಡಿ, ಭಾವನಿಗೆ ಬೇಜಾರಾಗ್ತದೆ," ಎಂದೆ.

ತಿದ್ದುಪಡಿ ನಾಲ್ಕು ಸಾಲಿನಲ್ಲಿ ಅಚ್ಚಾಯಿತು: ಎನ್ಜೈಮಿನ ಸಂಗ್ರಹಣೆಯಲ್ಲಿ ಲೋಪವಾಗಿತ್ತು ಎಂದು. ಬಡ್ತಿಯ ಕಾಗದ ಸಹಿಯಿಲ್ಲದೆ ವಾಪಸು ಬಂತು. ಆ ನಾಲ್ಕು ಸಾಲನ್ನು ಪ್ರಪಂಚದಲ್ಲಿ ಒಬ್ಬರೂ ಉಲ್ಲೇಖಿಸಲಿಲ್ಲ. ಕೊಳೆನೀರಿನ ಸಿದ್ಧಾಂತ ಮಾತ್ರ ಇವರ ಹಳೆಯ ಪ್ರಬಂಧದ ಹೆಗಲೇರಿ ಇನ್ನೂ ಹಲವು ವರ್ಷ ಆರಾಮಾಗಿ ತಿರುಗಾಡಿತು.

ಮುಂದಿನ ಆಯುಧಪೂಜೆಗೆ ಭಾವ ಹೇಳಿ ಕಳಿಸಿದರು: "ಈ ಸಲ ಎಂತದೂ ಇಡ್ಲಿಕ್ಕಿಲ್ವಾ?" ಇವರು ಒಂದು ಖಾಲಿ ನಳಿಗೆಯನ್ನು ಡಬ್ಬಿಯಲ್ಲಿ ಹಾಕಿ ತಂದುಕೊಟ್ಟರು. ಭಾವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ದೇವಿಯ ಮುಂದಿಟ್ಟು, ಕುಂಕುಮ ಹಚ್ಚಿ, ನನ್ನ ಕಡೆ ತಿರುಗಿ ನಕ್ಕರು.

"ನೋಡ್ತಾ ಇರು, ಈ ಸಲ ನಿಮಗೆ ಬೇಲಾಪುರದ ಮನೆ ಆಗಿಯೇ ಆಗ್ತದೆ."

"ಆಗ್ಲಿ ಭಾವ," ಎಂದೆ. ಇವರು ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು.