ಎರಡು ಚಮಚ ದ್ರಾಕ್ಷಾರಿಷ್ಟ

ನಾನು ಓದಿದ್ದು ನಾಲ್ಕನೇ ಕ್ಲಾಸು. ಎಂಬತ್ತರ ದಶಕದಲ್ಲಿ ಅಮೆರಿಕದ ಸ್ಯಾನ್ ಹೊಸೆಯಲ್ಲಿದ್ದ ತಮ್ಮನ ಮನೆಯಲ್ಲಿ ನನಗೊಂದು ಕೆಲಸವಿತ್ತು. ಅದಕ್ಕೆ ಓದು ಬೇಕಿರಲಿಲ್ಲ. ತಮ್ಮ ಕುಡಿತ ಬಿಡಲು ಮನೆಯಲ್ಲೇ ಇದ್ದು ಚಿಕಿತ್ಸೆ ಪಡೆಯುತ್ತಿದ್ದ. ಹಗಲು ಆಫೀಸು, ವಾರಕ್ಕೆ ಮೂರು ಸಂಜೆ ಕ್ಲಿನಿಕ್ಕು. ಬೆಳಿಗ್ಗೆ ಅವನು ಮಾತ್ರೆ ನುಂಗುವುದನ್ನು ಮನೆಯವರೊಬ್ಬರು ಕಣ್ಣಾರೆ ನೋಡಬೇಕು. ಆ ಮಾತ್ರೆ ಒಳಗಿರುವಾಗ ಒಂದು ಗುಟುಕು ಮದ್ಯ ಹೋದರೂ ಮುಖ ಕೆಂಪಾಗಿ ವಾಂತಿಯಾಗುತ್ತದೆ. ನೋಡುವವಳು ನಾನು.

ನುಂಗಿ, ಬಾಯಿ ತೆರೆದು ತೋರಿಸುತ್ತಿದ್ದ.

"ನೋಡ್ಕೋ ಅಕ್ಕ. ಬೇಕಾದ್ರೆ ಹಲ್ಲೂ ಎಣಿಸ್ಕೋ."

"ಹಲ್ಲು ಎಣಿಸೋದು ಸಂತೇಲಿ ಎತ್ತು ಕೊಳ್ಳೋವಾಗ ಕಣೋ. ನಿನ್ನ ಯಾರು ಕೊಳ್ತಾರೆ?"

ಒಲೆಯ ಮುಂದಿದ್ದ ಅವನ ಹೆಂಡತಿ ನಗುತ್ತಿದ್ದಳು. ಇನ್ನೊಮ್ಮೆ ಕುಡಿದರೆ ಮಗಳನ್ನು ಕರೆದುಕೊಂಡು ಹೊರಟುಬಿಡುತ್ತೇನೆ ಎಂದಿದ್ದವಳು ಅವಳೇ. ಈ ನೆಮ್ಮದಿಗೆ ನಾನೇ ಕಾವಲು ಎಂಬ ಹೆಮ್ಮೆ ನನಗೆ.

ಮೂರನೇ ತಿಂಗಳಿಗೆ ತಮ್ಮನ ಹಸಿವು ಕುಗ್ಗಿತು. ನಮ್ಮ ಕಡೆ ಸೊರಗಿದವರಿಗೆಲ್ಲ ಕೊಡುವ ಆಯುರ್ವೇದದ ಟಾನಿಕ್ಕು ದ್ರಾಕ್ಷಾರಿಷ್ಟ. ಊರಿನಿಂದ ಹಳೇ ಸೀರೆಯಲ್ಲಿ ಸುತ್ತಿ ತಂದಿದ್ದ ಬಾಟಲಿ ತೆಗೆದು, ಭಾನುವಾರ ಊಟವಾದ ಮೇಲೆ ಎರಡು ಚಮಚ ಕುಡಿಸಿದೆ. ಅವನೂ ಚಿಕ್ಕಂದಿನ ಔಷಧಿಯೆಂದು ಚಪ್ಪರಿಸಿದ.

ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿತು. ಬಚ್ಚಲಿಗೆ ಓಡಿದ. ಹೆಂಡತಿ ಬಾಗಿಲಲ್ಲಿ ನಿಂತಳು.

"ಕುಡಿದ್ರಾ?"

"ಇಲ್ಲ ಕಣೇ. ಅಕ್ಕ, ನೀನಾದ್ರೂ ಹೇಳು. ಬೆಳಗಿಂದ ನಿನ್ನ ಕಣ್ಣೆದುರಿಗೇ ಇದ್ದೆ ತಾನೇ?"

ಬಾಟಲಿ ತೆರೆದಾಗ ಬಂದ ಹೆಂಡದಂಥ ಘಾಟು ಆಗ ನೆನಪಾಯಿತು.

"ನಾನು ಅಡುಗೆಮನೇಲಿದ್ದೆ. ನೋಡ್ಲಿಲ್ಲ," ಎಂದೆ.

ಅವಳು ಸೂಟ್‌ಕೇಸು ಇಳಿಸಿದಳು. ಮಗಳ ಫ್ರಾಕುಗಳನ್ನು ಒಂದೊಂದಾಗಿ ಮಡಿಸಿದಳು. ನಾನು ಬಾಗಿಲ ಬಳಿ ಕೂತು ನೋಡುತ್ತಿದ್ದೆ. ತಮ್ಮ ಮಂಚದ ತುದಿಯಲ್ಲಿ ತಲೆ ಬಗ್ಗಿಸಿ ಕೂತಿದ್ದ. ಸೂಟ್‌ಕೇಸಿನ ಬೀಗ ಬಿದ್ದ ಸದ್ದಿಗೆ ನಾನು ಎದ್ದು ಹೋಗಿ ಬಾಟಲಿ ತಂದು ಅವಳ ಕೈಗಿಟ್ಟೆ.

"ಇದನ್ನ ನಾನೇ ಕುಡಿಸ್ದೆ."

ಬಾಟಲಿಯ ಚೀಟಿಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಆಲ್ಕೋಹಾಲ್ ಎಂದಿದ್ದುದನ್ನು ಓದಿ ಅವಳು ಅಲ್ಲೇ ಕೂತುಬಿಟ್ಟಳು. ಆಮೇಲೆ ಕ್ಲಿನಿಕ್ಕಿಗೆ ಫೋನು ಮಾಡಿದಳು. ಫ್ರಾಕುಗಳು ಮತ್ತೆ ಕಪಾಟು ಸೇರಿದವು.

ಮರುದಿನ ಬೆಳಿಗ್ಗೆ ನಾನು ಕಾಫಿಯಿಟ್ಟು ಒಳಗೆ ಹೊರಟೆ. ತಮ್ಮ ಕರೆದ.

"ಎಲ್ಲಿಗೆ? ಡ್ಯೂಟಿ ಮಾಡು." ಮಾತ್ರೆ ನುಂಗಿ ಬಾಯಿ ತೋರಿಸಿದ. "ಈಗ ನೀನು ಬಾಯಿ ತೆಗಿ. ಇನ್ನೇನಾದ್ರೂ ಒಳಗೇ ಇಟ್ಕೊಂಡಿದ್ಯಾ ನೋಡ್ತೀನಿ."

ಅವನ ಹೆಂಡತಿ ನಕ್ಕಳು. ನಾನು ಬಾಯಿ ತೆರೆದೆ.