ಹಂಗಳದ ಹಾಸ್ಟೆಲ್ಲೂ ಗುಂಡ್ಲುಪೇಟೆಯ ಕರಿಹಲಗೆಯೂ

ಕೋವಿಡ್ ಕಳೆದು ಒಂದೆರಡು ವರ್ಷವಾಗಿತ್ತು. ಚಾಮರಾಜನಗರದಲ್ಲಿ ಕಚೇರಿ ಇದ್ದ ಒಂದು ಖಾಸಗಿ ವಿದ್ಯಾ ಟ್ರಸ್ಟಿನಲ್ಲಿ ನಾನು ಖರೀದಿ ಅಧೀಕ್ಷಕಿಯಾಗಿದ್ದೆ. ಜಿಲ್ಲೆಯಲ್ಲಿ ಟ್ರಸ್ಟಿನವು ಐದು ಹಾಸ್ಟೆಲ್‌ಗಳು. ಅಲ್ಲಿನ ಮಕ್ಕಳ ತಟ್ಟೆಗೆ ಬೀಳುವ ಅಕ್ಕಿ, ಬೇಳೆ, ಎಣ್ಣೆ, ತರಕಾರಿ ಎಲ್ಲವೂ ನನ್ನ ಸಹಿಯಿಂದ ಹೊರಡಬೇಕಿತ್ತು. ಆಗ ನನಗೆ ಐವತ್ತೊಂದು ವರ್ಷ. ಚಿಂತೆ ಮಾಡುವುದರಲ್ಲಿ ಮಾತ್ರ ವಯಸ್ಸಿಗೆ ಮೀರಿದ ಅನುಭವ. ಬಸ್ಸು ಹತ್ತಿದ ಮೇಲೆ ಗ್ಯಾಸ್ ಆಫ್ ಆಗಿದೆಯೇ ಎಂದು ಮನೆಗೆ ಫೋನ್ ಮಾಡುವವಳು ನಾನು. ಆಗಿದೆ ಎಂದು ಯಜಮಾನರು ಹೇಳಿದ ಮೇಲೆ, ಅವರು ಕುರ್ಚಿಯಿಂದ ಎದ್ದು ನೋಡಿ ಹೇಳಿದರೋ ಕೂತಲ್ಲಿಂದಲೇ ಹೇಳಿದರೋ ಎಂದು ಗುಂಡ್ಲುಪೇಟೆ ದಾರಿಯ ತೆರಕಣಾಂಬಿಯವರೆಗೂ ಯೋಚಿಸುತ್ತಿದ್ದೆ. ಇಂಥವಳನ್ನು ಖರೀದಿ ವಿಭಾಗದಲ್ಲಿ ಕೂರಿಸಿದ್ದು ಟ್ರಸ್ಟಿನ ಜಾಣತನವೋ ನಿರ್ದಯೆಯೋ ಇನ್ನೂ ತೀರ್ಮಾನವಾಗಿಲ್ಲ.

ಪ್ರತಿ ವರ್ಷ ಮೇ ತಿಂಗಳಲ್ಲಿ ಟೆಂಡರ್ ಕರೆಯುತ್ತಿದ್ದೆವು. ತರಕಾರಿಗೆ ನಮ್ಮಲ್ಲಿ ಒಂದು ವಿಶೇಷ ಪದ್ಧತಿ ಇತ್ತು. ಬೀನ್ಸ್‌ಗೆ ಇಷ್ಟು, ಟೊಮೆಟೊಗೆ ಇಷ್ಟು ಎಂದು ಬೇರೆ ಬೇರೆ ದರ ಇರುತ್ತಿರಲಿಲ್ಲ. ‘ಯಾವುದೇ ತರಕಾರಿ, ಕೆಜಿಗೆ ಒಂದೇ ದರ, ಇಡೀ ವರ್ಷಕ್ಕೆ’ ಎಂಬುದು ಷರತ್ತು. ಯಾರು ಕಡಿಮೆ ಬರೆದರೋ ಅವರಿಗೆ ಗುತ್ತಿಗೆ. ತುಲನಾ ಪಟ್ಟಿ ಒಂದೇ ಹಾಳೆಯಲ್ಲಿ ಮುಗಿಯುತ್ತಿತ್ತು, ಲೆಕ್ಕಪರಿಶೋಧಕರು ಕಾಫಿ ಕುಡಿಯುವಷ್ಟರಲ್ಲಿ ಟಿಕ್ ಹಾಕಿ ಎದ್ದುಬಿಡುತ್ತಿದ್ದರು. ಈ ಷರತ್ತನ್ನು ಹನ್ನೊಂದು ವರ್ಷ ನನ್ನ ಕೈಯಿಂದಲೇ ಟೈಪ್ ಮಾಡಿದ್ದೇನೆ. ದರ ಒಂದು ಸಲ ಕಟ್ಟಿಬಿಟ್ಟರೆ ಒಂದು ವರ್ಷ ಚಿಂತೆ ಇಲ್ಲ ಎಂಬುದು ನನ್ನ ನಂಬಿಕೆ. ನನ್ನ ಬದುಕಿನಲ್ಲಿ ನಾನು ಚಿಂತೆಯಿಲ್ಲದೆ ಸಹಿ ಹಾಕುತ್ತಿದ್ದ ಏಕೈಕ ಕಾಗದ ಅದು. ಅನುಮಾನ ಬರಬೇಕಿದ್ದದ್ದೂ ಅದರ ಮೇಲೆಯೇ.

ಆ ವರ್ಷ ಕೆಜಿಗೆ ಇಪ್ಪತ್ತೆಂಟು ರೂಪಾಯಿ ಬರೆದು ಗುಂಡ್ಲುಪೇಟೆಯಾಚೆಯ ಹಂಗಳದ ಹಾಸ್ಟೆಲ್ಲಿಗೆ ಗುತ್ತಿಗೆ ಪಡೆದವರು ಕುದೇರಿನ ಸಿದ್ದರಾಜು. ಸ್ವಂತ ಗೂಡ್ಸ್ ಆಟೋ, ಮಾತಿನಲ್ಲಿ ನೇರ, ಐದು ವರ್ಷದಲ್ಲಿ ಒಂದು ದಿನವೂ ಸಾಮಾನು ತಪ್ಪಿಸಿದವರಲ್ಲ. ಜೂನ್ ಹೇಗೋ ಕಳೆಯಿತು. ಜುಲೈನಲ್ಲಿ ಬೆಲೆಗಳು ಓಡತೊಡಗಿದವು. ದೇಶ ಜಗತ್ತಿನಲ್ಲೇ ವೇಗವಾಗಿ ಬೆಳೆಯುತ್ತಿದೆ ಎಂದು ಪತ್ರಿಕೆಯ ಒಂದು ಪುಟದಲ್ಲಿ ಬರುತ್ತಿತ್ತು, ಟೊಮೆಟೊ ನೂರು ದಾಟಿತು ಎಂದು ಇನ್ನೊಂದರಲ್ಲಿ. ನಾನು ಎರಡನ್ನೂ ಓದಿ, ನಮ್ಮ ದರ ಕಟ್ಟಾಗಿದೆಯಲ್ಲ ಎಂದು ಪತ್ರಿಕೆ ಮಡಚಿಟ್ಟೆ.

ಜುಲೈ ಕೊನೆಯ ವಾರ ಹಂಗಳದ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಅಡುಗೆಯ ಮಾದೇವಮ್ಮನಿಂದ ಫೋನ್ ಬಂತು.

“ಅವ್ವಾ, ಒಂದಪ ಬಂದು ನಮ್ ಹುಡ್ಗೀರ್ ಜೊತೆ ಕೂತ್ಕಂಡು ಉಂಡ್ಬುಟ್ಟು ಓಗಿ.”

“ಯಾಕೆ ಮಾದೇವಮ್ಮ, ಏನಾಯ್ತು?”

“ಯಾನೂ ಆಗಿಲ್ಲ ಕಣ್ರವ್ವ. ಅದೇ ತೊಂದ್ರೆ. ಯಾನೂ ಬದ್ಲಾಗ್ತಾ ಇಲ್ಲ.”

ಮರುದಿನವೇ ಹೋದೆ. ತಟ್ಟೆಯಲ್ಲಿ ಸಿಹಿಗುಂಬಳದ ಸಾಂಬಾರು, ಪಕ್ಕದಲ್ಲಿ ಸಿಹಿಗುಂಬಳದ ಪಲ್ಯ. ಎದುರಿಗೆ ಕೂತಿದ್ದ ಎಸ್ಸೆಸ್ಸೆಲ್ಸಿಯ ನಂದಿನಿ ಎಂಬ ಹುಡುಗಿ ಗಂಭೀರವಾಗಿ ಹೇಳಿದಳು: “ಮಿಸ್, ಇವತ್ತಿಗೆ ಇಪ್ಪತ್ತೊಂದು ದಿನ. ನಾಳೆ ಸೋರೆಕಾಯಿ ಬಂದ್ರೆ ನಾವೆಲ್ಲ ಚಪ್ಪಾಳೆ ತಟ್ಟನ ಅಂತ ಮಾತಾಡ್ಕೊಂಡಿದೀವಿ.” ಸುತ್ತ ಕೂತವರು ನಕ್ಕರು. ಅವಳು ನಗಲಿಲ್ಲ. ಅನ್ನವನ್ನು ಮಜ್ಜಿಗೆಯಲ್ಲಿ ಕಲಸಿಕೊಂಡು ಪಲ್ಯ ಮುಟ್ಟದೆ ಎದ್ದಳು.

ಸಿದ್ದರಾಜು ಮೋಸ ಮಾಡಿರಲಿಲ್ಲ. ‘ಯಾವುದೇ ತರಕಾರಿ’ ಎಂದು ಬರೆದವಳು ನಾನು. ಇಪ್ಪತ್ತೆಂಟು ರೂಪಾಯಿಯೊಳಗೆ ಸಿಗುವ ಯಾವುದೋ ತರಕಾರಿಯನ್ನು ಅವರು ತೂಕ ತಪ್ಪದೆ ತಂದು ಹಾಕುತ್ತಿದ್ದರು.

ಊಟದ ವಿಷಯ ಮಾತ್ರ ಆಗಿದ್ದರೆ ಒಂದು ಸುತ್ತೋಲೆ ಹೊರಡಿಸಿ ಕೈ ತೊಳೆದುಕೊಳ್ಳುತ್ತಿದ್ದೆನೇನೋ. ಆದರೆ ಹಾಜರಿ ಪುಸ್ತಕವನ್ನೂ ತರಿಸಿ ನೋಡಿದೆ. ಎಂಬತ್ತಾರು ಹುಡುಗಿಯರಿದ್ದ ಹಾಸ್ಟೆಲ್ಲಿನಲ್ಲಿ ಅರವತ್ತೇಳು ಉಳಿದಿದ್ದರು. ಶನಿವಾರ ಮನೆಗೆ ಹೋದವರು ಸೋಮವಾರ ಬರುತ್ತಿರಲಿಲ್ಲ. ಸಂಖ್ಯೆ ಅರವತ್ತಕ್ಕಿಂತ ಇಳಿದ ಹಾಸ್ಟೆಲ್ಲನ್ನು ಮುಚ್ಚಬೇಕೆಂಬುದು ಟ್ರಸ್ಟಿನ ನಿಯಮ, ಎಣಿಕೆ ಸೆಪ್ಟೆಂಬರ್ ಕೊನೆಗೆ. ಮುಚ್ಚಿದರೆ ಗುಂಡ್ಲುಪೇಟೆಯ ಹಾಸ್ಟೆಲ್ಲಿಗೆ ಸೇರಿಸಬೇಕು, ಅಲ್ಲಿ ಖಾಲಿ ಇದ್ದದ್ದು ಹದಿನೈದು ಜಾಗ. ಈ ಹುಡುಗಿಯರು ಕಾಡಂಚಿನ ಊರುಗಳವರು. ಆನೆ ದಾಟುವ ದಾರಿಯಲ್ಲಿ ಸಂಜೆ ಶಾಲೆಯಿಂದ ಮನೆಗೆ ನಡೆಯುವ ಹಾಗಿಲ್ಲ. ಹಾಸ್ಟೆಲ್ ಹೋದರೆ ಹೆಚ್ಚಿನವರ ಓದು ಅಲ್ಲಿಗೇ ನಿಲ್ಲುತ್ತಿತ್ತು. ಒಂದು ಸಾಲಿನ ಷರತ್ತು ಎಲ್ಲಿಗೆ ತಂದು ನಿಲ್ಲಿಸಿತ್ತು ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮಾರನೆಯ ಬೆಳಿಗ್ಗೆ ಏಳಕ್ಕೆ ಗುಂಡ್ಲುಪೇಟೆ ಮಾರುಕಟ್ಟೆಯಲ್ಲಿ ಸಿದ್ದರಾಜುವನ್ನು ಹಿಡಿದೆ. ಕೇರಳಕ್ಕೆ ಹೋಗುವ ಲಾರಿಗಳು ಸಾಲಾಗಿ ನಿಂತಿದ್ದವು. ಬೀನ್ಸ್, ಬೀಟ್‌ರೂಟ್, ಟೊಮೆಟೊ ಕ್ರೇಟುಗಳು ಒಂದರ ಮೇಲೊಂದು ಏರುತ್ತಿದ್ದವು. ಈ ಲಾರಿಗಳಲ್ಲಿ ಎಷ್ಟೋ ನಮ್ಮ ಹಂಗಳದ ಹಾಸ್ಟೆಲ್ಲಿನ ಮುಂದೆಯೇ ಹಾದು ಹೋಗುತ್ತವೆ. ಒಳಗೆ ಹುಡುಗಿಯರು ಕುಂಬಳಕಾಯಿ ಉಣ್ಣುತ್ತಿರುತ್ತಾರೆ.

“ಸಿದ್ದರಾಜು, ವಾರಕ್ಕೊಂದು ದಿನವಾದರೂ ಬೀನ್ಸ್ ಹಾಕಬಾರದಾ?” ಎಂದೆ.

“ಮೇಡಮ್ಮೋರೆ, ಇಪ್ಪತ್ತೆಂಟು ರೂಪಾಯ್ಗೆ ಬೀನ್ಸ್ ಆಕುದ್ರೆ ಮುಂದ್ಲ ತಿಂಗ್ಳು ನಾನೂ ನಿಮ್ ಹಾಸ್ಟೆಲ್‌ಗೇ ಊಟಕ್ಕೆ ಸೇರ್ಕಬೇಕಾಯ್ತದೆ” ಎಂದರು. ಆಮೇಲೆ ದನಿ ತಗ್ಗಿಸಿದರು. “ನಿಜ ಏಳ್ತೀನಿ, ಆಗಸ್ಟ್ ಮುಗುದ್ಮೇಲೆ ನನ್ ಕೈಲಿ ಆಗಲ್ಲ. ಡಿಪಾಜಿಟ್ ಮುಟ್ಗೋಲ್ ಆಕ್ಕಳಿ. ಕುಂಬಳಕಾಯಿಯೂ ಇಪ್ಪತ್ತೈದಕ್ಕೆ ಬಂದ್ ನಿಂತದೆ.”

ಹೊಸ ಟೆಂಡರ್ ಕರೆಯಲು ಎರಡು ತಿಂಗಳು ಬೇಕು, ಎಣಿಕೆ ಅದಕ್ಕಿಂತ ಮೊದಲೇ ಬರುತ್ತದೆ ಎಂದು ನನ್ನ ತಲೆ ಲೆಕ್ಕ ಹಾಕತೊಡಗಿತು. ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ: “ಹಾಗಾದರೆ ಮೇನಲ್ಲಿ ಇಪ್ಪತ್ತೆಂಟು ಅಂತ ಯಾಕೆ ಬರೆದಿರಿ?”

“ನೀವು ವರ್ಷದ್ ದರ ಕೇಳುದ್ರಿ, ಬರ್ದೆ. ಡಿಸೆಂಬರ್‌ನಲ್ಲಿ ಬೀನ್ಸ್ ಹತ್ತಕ್ಕೆ ಇಳೀತದಲ್ಲ, ಆವಾಗ್ಲೂ ಇಪ್ಪತ್ತೆಂಟೇ ಕೊಡ್ತೀರಿ. ಯಾಕಪ್ಪ ಸಿದ್ದರಾಜು ಅಂತ ಆವಾಗ ಒಂದಪನಾದ್ರೂ ಕೇಳಿದ್ರಾ? ನಂದೂ ಜೂಜು, ನಿಮ್ದೂ ಜೂಜು ಕಣ್ರಮ್ಮ.”

ನನ್ನ ಇಡೀ ವೃತ್ತಿಜೀವನದಲ್ಲಿ ಖರೀದಿಯ ಬಗ್ಗೆ ಅಷ್ಟು ಸ್ಪಷ್ಟವಾಗಿ ಯಾರೂ ಪಾಠ ಹೇಳಿರಲಿಲ್ಲ. ಲಾಟರಿ ಟಿಕೆಟನ್ನೂ ಕೊಳ್ಳದ ನಾನು ಹನ್ನೊಂದು ವರ್ಷ ಮಕ್ಕಳ ತಟ್ಟೆಯನ್ನು ಇಟ್ಟು ಜೂಜಾಡಿದ್ದೆ.

ನಾವು ನಿಂತಿದ್ದ ಮಂಡಿಯ ಗೋಡೆಗೆ ಒಂದು ಕರಿಹಲಗೆ ತಗುಲಿಹಾಕಿತ್ತು. ಬೆಳಗಿನ ವ್ಯಾಪಾರ ಮುಗಿಯುತ್ತಿದ್ದಂತೆ ಮಂಡಿಯ ಮಾಲೀಕರು ಪ್ರತಿ ತರಕಾರಿಯ ಆ ದಿನದ ದರವನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು, ಒಂದು ಸಾಲು ಕನ್ನಡದಲ್ಲಿ, ಕೇರಳದವರಿಗಾಗಿ ಅದರ ಕೆಳಗೆ ಮಲಯಾಳದಲ್ಲಿ. ಕೊಳ್ಳುವವರು, ಮಾರುವವರು ಎಲ್ಲರೂ ನೋಡುವ ಹಲಗೆ. ಅಲ್ಲಿ ಸುಳ್ಳು ಬರೆದು ದಕ್ಕಿಸಿಕೊಳ್ಳುವುದು ಕಷ್ಟ.

“ಹಲಗೆಯ ದರಕ್ಕೆ ನಾವು ಮೇಲೊಂದಿಷ್ಟು ಸೇರಿಸಿ ಕೊಟ್ಟರೆ?” ಎಂದೆ. “ದರ ಏರಿದರೆ ಏರಿದ್ದು, ಇಳಿದರೆ ಇಳಿದದ್ದು. ನಿಮಗೆ ಸಾಗಾಣಿಕೆ, ಕೂಲಿ, ನಿಮ್ಮ ದುಡಿಮೆಗೆ ಎಷ್ಟು ಬೇಕು?”

ಅವರು ಬೆರಳು ಮಡಿಸಿ ಎಣಿಸಿದರು. “ಕೆಜಿಗೆ ನಾಕ್ ರೂಪಾಯಿ. ಅಷ್ಟ್ ಸಿಕ್ಬುಟ್ರೆ ನಾನು ನೆಮ್ಮದ್ಯಾಗಿರ್ತೀನಿ.”

ಅರ್ಥಶಾಸ್ತ್ರ ಬಲ್ಲವರು ಇದಕ್ಕೆ ‘ಇಂಡೆಕ್ಸಿಂಗ್’ ಎನ್ನುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು: ಪಾವತಿಯನ್ನು ಒಂದು ಅಂಕಿಗೆ ಕಟ್ಟದೆ, ಎಲ್ಲರಿಗೂ ಕಾಣುವ ಒಂದು ಅಳತೆಗೋಲಿಗೆ ಕಟ್ಟುವುದು. ನೌಕರರ ತುಟ್ಟಿಭತ್ಯೆಯೂ ಇದೇ ಜಾತಿಯದು. ನನ್ನ ಸಂಬಳದಲ್ಲಿ ಅದನ್ನು ವರ್ಷಕ್ಕೆರಡು ಬಾರಿ ಖುಷಿಯಿಂದ ಎಣಿಸಿಕೊಂಡಿದ್ದೆ. ತರಕಾರಿಯವನಿಗೂ ಅದು ಬೇಕು ಎಂದು ಮಾತ್ರ ಹೊಳೆದಿರಲಿಲ್ಲ.

ಮುಂದಿನ ಎರಡು ಭಾನುವಾರ ಮಂಡಿ ಮಾಲೀಕರ ಹಳೆಯ ಡೈರಿಗಳನ್ನು ಹರಡಿಕೊಂಡು ಮೂರು ವರ್ಷದ ಹಲಗೆ ದರ ಬರೆದುಕೊಂಡೆ. ಎಲ್ಲ ತರಕಾರಿಗಳ ಸರಾಸರಿಗೆ ನಾಲ್ಕು ರೂಪಾಯಿ ಸೇರಿಸಿದರೂ ಕೆಜಿಗೆ ಇಪ್ಪತ್ತಮೂರು ಚಿಲ್ಲರೆ ಆಗುತ್ತಿತ್ತು. ಆ ಮೂರು ವರ್ಷ ನಾವು ಕೊಟ್ಟದ್ದು ಇಪ್ಪತ್ತಾರು, ಇಪ್ಪತ್ತೇಳು. ಹೆಚ್ಚು ಕೊಟ್ಟು ಕುಂಬಳಕಾಯಿ ತಂದಿದ್ದೆವು.

ಯೋಜನೆ ಹೀಗಿತ್ತು. ಹಲಗೆಯ ದರ, ಮೇಲೆ ನಾಲ್ಕು ರೂಪಾಯಿ. ಬೆಳಿಗ್ಗೆ ಸಿದ್ದರಾಜು ಹಲಗೆಯ ಫೋಟೊವನ್ನು ನನಗೂ ಮಾದೇವಮ್ಮನಿಗೂ ಕಳಿಸಬೇಕು. ಸಿದ್ದರಾಜುವಿಗೆ ಹೇಳದೆ ವಾರಕ್ಕೆರಡು ದಿನ ಗುಂಡ್ಲುಪೇಟೆ ಹಾಸ್ಟೆಲ್ಲಿನ ವಾರ್ಡನ್ ಕೂಡ ಕಳಿಸಬೇಕು. ವಾರದ ಒಟ್ಟು ಖರ್ಚಿಗೆ ಹಳೆಯ ಇಪ್ಪತ್ತೆಂಟರ ಲೆಕ್ಕವೇ ಮಿತಿ, ಅದರೊಳಗೆ ಯಾವುದು ಕೊಳ್ಳಬೇಕೆಂದು ತೀರ್ಮಾನಿಸುವವಳು ಅಡುಗೆಯವಳು. ದರ ಇಳಿದ ತಿಂಗಳುಗಳಲ್ಲಿ ಉಳಿದ ಹಣ ಬೇರೆ ಕಡೆ ಹರಿಯಬಾರದು, ದರ ಏರುವ ತಿಂಗಳುಗಳಿಗೆ ಮೀಸಲು.

ಆಗಸ್ಟ್ ಮಧ್ಯದಲ್ಲಿ ಖರೀದಿ ಸಮಿತಿಯ ಸಭೆ. ಟ್ರಸ್ಟಿನ ಕಾರ್ಯದರ್ಶಿಗಳು ನಿವೃತ್ತ ಅಧಿಕಾರಿ, ಕಡತದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎನ್ನುವವರು. ನನ್ನ ಟಿಪ್ಪಣಿ ಓದಿ ಕನ್ನಡಕ ತೆಗೆದಿಟ್ಟರು.

“ಏನಮ್ಮ, ನಾಳೆ ಆಡಿಟ್‌ನವರು ದರಕ್ಕೆ ದಾಖಲೆ ಕೇಳಿದರೆ ಕರಿಹಲಗೆ ಹೊತ್ತುಕೊಂಡು ಬರ್ತೀಯಾ?”

ಅಲ್ಲಿ ನನ್ನ ದುರ್ಗುಣವೇ ನನ್ನನ್ನು ಕಾಯಿತು. ಈ ಯೋಜನೆ ಎಲ್ಲೆಲ್ಲಿ ಕೆಡಬಹುದು ಎಂದು ಹಿಂದಿನ ಹತ್ತು ದಿನ ಒಂದೇ ಸಮನೆ ಚಿಂತೆ ಮಾಡಿದ್ದೆ, ಮರೆತುಹೋದೀತು ಎಂಬ ಚಿಂತೆಯಿಂದ ಎಲ್ಲವನ್ನೂ ಬರೆದಿಟ್ಟಿದ್ದೆ. ಒಟ್ಟು ಮೂವತ್ತೊಂದು ಚಿಂತೆಗಳು. ಮಂಡಿಯವರೂ ಸಿದ್ದರಾಜುವೂ ಒಂದಾದರೆ? ಬೇರೆ ಮಂಡಿಯ ದರದ ಜೊತೆ ತಿಂಗಳಿಗೊಮ್ಮೆ ತಾಳೆ ನೋಡುವುದು. ಮಾರುಕಟ್ಟೆಗೆ ರಜೆ ಇದ್ದರೆ? ಹಿಂದಿನ ದಿನದ ಹಲಗೆ. ಮಳೆ ಬಂದು ಸೀಮೆಸುಣ್ಣ ಅಳಿಸಿಹೋದರೆ? ಅದಕ್ಕೂ ಒಂದು ಉತ್ತರ ಇತ್ತು. ಹದಿನೇಳನೆಯ ಚಿಂತೆಗೆ ಬರುವಷ್ಟರಲ್ಲಿ ಕಾರ್ಯದರ್ಶಿಗಳು ಕೈ ಎತ್ತಿದರು.

“ಸಾಕು ನಿಲ್ಲಿಸಮ್ಮ. ನಾನು ಕೇಳಬೇಕು ಅಂದುಕೊಂಡಿದ್ದಕ್ಕಿಂತ ಹೆಚ್ಚು ನೀನೇ ಕೇಳಿಕೊಂಡಿದ್ದೀಯ. ಹಂಗಳದಲ್ಲಿ ಮಾತ್ರ, ಮೂರು ತಿಂಗಳು. ಎಡವಟ್ಟಾದರೆ ಜವಾಬ್ದಾರಿ ನಿನ್ನದು.”

ಮೊದಲ ವಾರ ನಾನು ಊಟ ಮಾಡಿದ ನೆನಪಿಲ್ಲ. ಮಾದೇವಮ್ಮ ಮಾತ್ರ ಹಲಗೆಯ ಫೋಟೊವನ್ನು ಬೀಗರ ಮನೆಯ ಮದುವೆ ಪತ್ರದ ಹಾಗೆ ಹಿಗ್ಗಿಸಿ ಹಿಗ್ಗಿಸಿ ಓದಿದಳು. “ಟಮಾಟೆ ತೊಂಬತ್ತಾ? ಅದು ಮಂಡೀಲೇ ಕೂತಿರ್ಲಿ ಬುಡಿ. ಉಣ್ಸೆಹಣ್ಣು ಹಾಕಿ ಮಾಡ್ತೀನಿ” ಎಂದಳು. ಟೊಮೆಟೊದಲ್ಲೂ ಸೊಪ್ಪಿನಲ್ಲೂ ಉಳಿಸಿದ್ದರಲ್ಲಿ ಎರಡು ದಿನ ಬೀನ್ಸ್, ಒಂದು ದಿನ ಬೀಟ್‌ರೂಟ್, ಊರಿನಲ್ಲೇ ಅಗ್ಗಕ್ಕೆ ಸಿಗುವ ಸೊಪ್ಪು ಎರಡು ದಿನ. ಕುಂಬಳಕಾಯಿ ವಾರಕ್ಕೊಮ್ಮೆ, ಅದೂ ಹುಳಿ ಹಾಕಿ. ಇಷ್ಟು ಚೆನ್ನಾಗಿ ಲೆಕ್ಕ ಹಾಕುವ ಹೆಂಗಸನ್ನು ನಾವು ಹನ್ನೊಂದು ವರ್ಷ ಬಂದದ್ದನ್ನು ಬೇಯಿಸುವುದಕ್ಕೆ ಮಾತ್ರ ಇಟ್ಟುಕೊಂಡಿದ್ದೆವು.

ನಿಜವಾದ ಪರೀಕ್ಷೆ ಓಣಂ ಹೊತ್ತಿಗೆ ಬಂತು. ಕೇರಳದ ವ್ಯಾಪಾರಿಗಳು ಸಿಕ್ಕಿದ್ದನ್ನೆಲ್ಲ ಎತ್ತಿದರು, ಹಲಗೆಯ ಅಂಕಿಗಳು ದಿನದಿನಕ್ಕೆ ಬದಲಾದವು. ಹಳೆಯ ಪದ್ಧತಿಯಲ್ಲಾದರೆ ಅದೇ ವಾರ ಗುತ್ತಿಗೆದಾರ ಫೋನ್ ಆಫ್ ಮಾಡಿಕೊಳ್ಳುತ್ತಿದ್ದ. ಸಿದ್ದರಾಜು ಏಳೂ ದಿನ ಬಂದರು. ಹೆಚ್ಚಿದ ದರ ಅವರ ಜೇಬಿನಿಂದ ಹೋಗುತ್ತಿರಲಿಲ್ಲ, ಓಡಿಹೋಗಲು ಕಾರಣವೂ ಇರಲಿಲ್ಲ. ಮಾದೇವಮ್ಮ ಆ ವಾರ ಸೊಪ್ಪು, ಕಾಳು ಹೆಚ್ಚಿಸಿ ಮಿತಿಯೊಳಗೇ ನಿಂತಳು. “ಲಾಭ ಒಸಿ ಕಮ್ಮಿ ಆಗದೆ ಮೇಡಮ್ಮೋರೆ, ಆದ್ರೆ ಬೆಳಿಗ್ಗೆ ಎದ್ದೇಟ್ಗೇ ನಿಮ್ಮನ್ನ ಬೈಯೋದು ನಿಂತೋಗದೆ” ಎಂದರು. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮನೆಗೆ ಹೋದ ಹುಡುಗಿಯರಿಗೆ ಸುದ್ದಿ ಮುಟ್ಟಿಸಿದ್ದು ನಂದಿನಿ. ತಟ್ಟೆಯ ಫೋಟೊವನ್ನು ವಾರ್ಡನ್ ಫೋನಿನಿಂದ ಅವರವರ ಅಪ್ಪಂದಿರಿಗೆ ಕಳಿಸಿದ್ದಳಂತೆ. ಸೆಪ್ಟೆಂಬರ್ ಮೂವತ್ತರ ಬೆಳಿಗ್ಗೆ ಎಣಿಕೆಗೆ ಕಾರ್ಯದರ್ಶಿಗಳ ಜೊತೆ ನಾನೂ ಹಂಗಳಕ್ಕೆ ಹೋದೆ. ದಾರಿಯುದ್ದಕ್ಕೂ, ಇವತ್ತೇ ಅರ್ಧ ಹುಡುಗಿಯರಿಗೆ ಜ್ವರ ಬಂದಿದ್ದರೆ ಏನು ಗತಿ ಎಂದು ಯೋಚಿಸುತ್ತಿದ್ದೆ. ವಾರ್ಡನ್ ಹೆಸರು ಕೂಗಿದರು, ಒಬ್ಬೊಬ್ಬರೇ ‘ಹಾಜರ್’ ಎಂದರು. ಕಾರ್ಯದರ್ಶಿಗಳು ವಾರ್ಡನ್ನನ್ನು ನಂಬದೆ ತಾವೇ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ಎಣಿಸಿದರು. ಎಂಬತ್ತನಾಲ್ಕು.

“ಇನ್ನಿಬ್ಬರು?” ಎಂದರು.

“ಕಣ್ಣಿಗೆ ಕನ್ನಡಕ ಮಾಡಿಸಕೆ ಗುಂಡ್ಲುಪೇಟೆಗೆ ಓಗವ್ರೆ. ಊಟದೊತ್ಗೆ ಬತ್ತರೆ. ಇವತ್ತು ಬೀನ್ಸ್” ಎಂದಳು ಮಾದೇವಮ್ಮ.

ಡಿಸೆಂಬರ್‌ನಲ್ಲಿ ಹಲಗೆಯ ಮೇಲೆ ಬೀನ್ಸ್ ಒಂಬತ್ತು ರೂಪಾಯಿಗೆ ಇಳಿಯಿತು, ನಾವು ಹದಿಮೂರು ಕೊಟ್ಟೆವು. ಮೂರು ತಿಂಗಳ ಗಡುವನ್ನು ಕಾರ್ಯದರ್ಶಿಗಳು ಅಷ್ಟರಲ್ಲಿ ಮೇ ತಿಂಗಳವರೆಗೆ ಮುಂದುವರಿಸಿದ್ದರು. ಮೀಸಲು ಹಣ ಬೆಳೆಯಿತು. ಜೂನ್‌ನಲ್ಲಿ ಐದೂ ಹಾಸ್ಟೆಲ್‌ಗಳಿಗೆ ಇದೇ ಪದ್ಧತಿ ಬಂತು, ಟೆಂಡರ್‌ನಲ್ಲಿ ಈಗ ಗುತ್ತಿಗೆದಾರರು ಬರೆಯುವುದು ಆ ‘ನಾಲ್ಕು ರೂಪಾಯಿ’ಯನ್ನು ಮಾತ್ರ. ಲೆಕ್ಕಪರಿಶೋಧಕರಿಗೆ ಒಂದು ಕಾಫಿ ಸಾಲುವುದಿಲ್ಲ, ಎರಡು ತರಿಸುತ್ತೇವೆ. ಹಂಗಳದ ಎಸ್ಸೆಸ್ಸೆಲ್ಸಿ ಹುಡುಗಿಯರೆಲ್ಲ ಪರೀಕ್ಷೆ ಬರೆದರು. ನಂದಿನಿ ಪಾಸಾಗಿ ಕಾಲೇಜಿಗೆ ಅರ್ಜಿ ಹಾಕಿದಳು, ಅದರ ಮೇಲೆ ಪೋಷಕರ ಸಹಿಯ ಪಕ್ಕ ಸಾಕ್ಷಿಯಾಗಿ ನನ್ನ ಸಹಿ ಇದೆ.

ದೇಶದ ಬೆಲೆ ಏರಿಕೆಯನ್ನು ಚಾಮರಾಜನಗರದ ಒಂದು ಮೇಜಿನ ಹಿಂದೆ ಕೂತು ಯಾರೂ ತಡೆಯಲಾರರು. ಏರಿದಾಗ ಅದರ ಭಾರ ಯಾರ ಮೇಲೆ ಎಷ್ಟು ಬೀಳಬೇಕು ಎಂದು ಮೊದಲೇ ಕೂತು ಮಾತಾಡಿ ಬರೆದಿಟ್ಟುಕೊಳ್ಳಬಹುದು. ಬರೆದಿಡದಿದ್ದರೆ ಅದು ತಾನಾಗಿಯೇ ಎಲ್ಲರಿಗಿಂತ ಚಿಕ್ಕವರ ತಟ್ಟೆಯ ಮೇಲೆ ಹೋಗಿ ಬೀಳುತ್ತದೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಚಿಂತೆ ಮಾಡುವುದನ್ನು ನಾನು ಬಿಟ್ಟಿಲ್ಲ. ಆದರೆ ಈಗ ಅದಕ್ಕೊಂದು ನೋಟ್‌ಬುಕ್ ಇಟ್ಟಿದ್ದೇನೆ. ಸಭೆಗೆ ಮೊದಲು ಕಾರ್ಯದರ್ಶಿಗಳೇ ಅದನ್ನು ಕೇಳಿ ತರಿಸಿಕೊಳ್ಳುತ್ತಾರೆ.